ಆನೆಯನ್ನು ಎಲ್ಲಿ ನಿಲ್ಲಿಸುತ್ತೀರಿ?

ಪ್ರಶ್ನೆ: ನಾನು ಹುಮನಾಬಾದಿನವನು. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿದ್ದೇನೆ. ರಜೆಗೆ ಊರಿಗೆ ಹೋದಾಗ ಕಾಕಾನ ಮಗನ ಜೊತೆ ಮೇಜಿನ ಮೇಲೆ ಗೊಂಬೆಗಳನ್ನಿಟ್ಟು ಯುದ್ಧದ ಆಟ ಆಡುತ್ತೇನೆ. ನನ್ನದು ಬೀದರಿನ ಬರೀದ್‌ಶಾಹಿ ಸೈನ್ಯ, ಅವನದು ಬಿಜಾಪುರದ ಆದಿಲ್‌ಶಾಹಿ. ತುಕಡಿಗಳನ್ನು ಕೊಳ್ಳಲು ಇಬ್ಬರಿಗೂ ನೂರು ಅಂಕ. ನಾನು ಮೂರು ಆನೆ, ಮೂರು ತುಕಡಿ ಕವಚದ ರಾವುತರನ್ನು ಕೊಳ್ಳುತ್ತೇನೆ. ಅವನು ಹೆಚ್ಚಾಗಿ ಬಿಲ್ಲಾಳುಗಳನ್ನೇ ತುಂಬಿಕೊಂಡು ಬರುತ್ತಾನೆ. ಐದು ಆಟ ಆಡಿ ಐದನ್ನೂ ಸೋತಿದ್ದೇನೆ. ಹಾಸ್ಟೆಲಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬ ಕತೆ ನಡೆಸಿ, ಉಳಿದವರು ಒಂದೊಂದು ಪಾತ್ರವಾಗುವ ದಾಳದ ಆಟ) ಆಡುವಾಗಲೂ ಇದೇ ಗತಿ. ನನ್ನ ಯೋಧನಷ್ಟು ಬಲಶಾಲಿ ಬೇರೆ ಯಾರೂ ಇಲ್ಲ, ಆದರೆ ಕಾಳಗವಿಲ್ಲದ ಹೊತ್ತಿನಲ್ಲಿ ನಾನು ಮೊಬೈಲ್ ನೋಡುತ್ತ ಕುಳಿತಿರುತ್ತೇನೆ. ಸೈನ್ಯವನ್ನಾಗಲಿ ಪಾತ್ರವನ್ನಾಗಲಿ ಕಟ್ಟುವುದು ಹೇಗೆ? ಜೊತೆಗೆ ಒಂದು ಸಣ್ಣ ಪ್ರಶ್ನೆ: ಬಸ್ಸಿನಲ್ಲಿ ತರುವಾಗ ಗೊಂಬೆಗಳ ಈಟಿಗಳು ಮುರಿಯುತ್ತವೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಸಮಾಧಾನ ಹೇಳುತ್ತೇನೆ. 1619ರಲ್ಲಿ ಬಿಜಾಪುರದವರು ಬೀದರನ್ನು ನುಂಗಿಯೇಬಿಟ್ಟರು, ಹಾಗಾಗಿ ಇತಿಹಾಸ ನಿಮ್ಮ ಕಾಕಾನ ಮಗನ ಕಡೆಗಿದೆ. ಆದರೆ ಅವನು ಐದು ಸಲ ಗೆದ್ದದ್ದು ಇತಿಹಾಸದ ಬಲದಿಂದಲ್ಲ, ನೀವು ಕೊಂಡ ತುಕಡಿಗಳ ಪಟ್ಟಿಯ ಕೃಪೆಯಿಂದ.

ಚದುರಂಗದಲ್ಲಿ ಈ ತಾಪತ್ರಯವೇ ಇಲ್ಲ. ಅಲ್ಲಿ ಸೈನ್ಯ ಕಟ್ಟಿಕೊಂಡೇ ಬಂದಿರುತ್ತದೆ. ಎರಡೂ ಕಡೆ ಹದಿನಾರು ಕಾಯಿ, ಮನೆಗಳೂ ಸಮ, ಮಧ್ಯದಲ್ಲಿ ಹಳ್ಳ ಕೊಳ್ಳ ಒಂದೂ ಇಲ್ಲ. ನಮ್ಮ ಆಟದಲ್ಲಿ ಮೊದಲ ನಡೆಯನ್ನು ಅಂಗಡಿಯಲ್ಲೇ ಇಡುತ್ತೇವೆ. ನೂರು ಅಂಕ ಕೈಗೆ ಬಂದ ಕೂಡಲೇ ಕಣ್ಣು ಆನೆಯ ಮೇಲೆ ಬೀಳುವುದು ಸಹಜ. ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ದಶಕದ ಆಸುಪಾಸಿನಲ್ಲಿ ಬೀದರಿಗೆ ಬಂದಾಗ, ದಂತಗಳಿಗೆ ಕತ್ತಿ ಕಟ್ಟಿಸಿಕೊಂಡ ಆನೆಗಳನ್ನು ಕಂಡು ಬೆರಗಾಗಿ ಬರೆದುಕೊಂಡ. ಮಾರಲೆಂದು ಕುದುರೆಯೊಂದನ್ನು ಸಮುದ್ರ ದಾಟಿಸಿ ತಂದಿದ್ದ ಜಾಣ ವ್ಯಾಪಾರಿಗೇ ಆ ಗತಿಯಾದರೆ ಮೂರನೆಯ ವರ್ಷದ ವಿದ್ಯಾರ್ಥಿಯನ್ನು ದೂರಿ ಫಲವೇನು? ನನ್ನ ಮೊದಲ ಸೈನ್ಯದಲ್ಲಿ ನಾಲ್ಕು ಆನೆಗಳಿದ್ದವು. ಅವು ಗೆದ್ದ ಆಟ ನನಗೆ ಒಂದೂ ನೆನಪಿಲ್ಲ.

ನೀವು ಕಳಿಸಿದ ನಿಯಮದ ಹಾಳೆಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಮಾಡೋಣ. ನಾನು ಗಣಿತದ ಮೇಷ್ಟರಾಗಿದ್ದವನು, ಆ ಚಟ ಇನ್ನೂ ಬಿಟ್ಟಿಲ್ಲ. ನಿಮ್ಮ ನಿಯಮದಂತೆ ಆನೆಯ ಬೆಲೆ 20, ಬಿಲ್ಲಾಳು ತುಕಡಿಯದು 5. ಆನೆ ನಾಲ್ಕು ದಾಳ ಉರುಳಿಸುತ್ತದೆ, ಬೀಳಬೇಕಾದರೆ ನಾಲ್ಕು ಪೆಟ್ಟು ತಿನ್ನಬೇಕು. ಬಿಲ್ಲಾಳುಗಳಿಗೆ ಒಂದು ದಾಳ, ಒಂದೇ ಪೆಟ್ಟು. ಅಂದರೆ ಮೂರು ಆನೆಗೆ 60 ಅಂಕ, ಹನ್ನೆರಡು ದಾಳ, ಹನ್ನೆರಡು ಪೆಟ್ಟು. ಹನ್ನೆರಡು ಬಿಲ್ಲಾಳು ತುಕಡಿಗೂ 60 ಅಂಕ, ಹನ್ನೆರಡು ದಾಳ, ಹನ್ನೆರಡು ಪೆಟ್ಟು. ತಕ್ಕಡಿ ಎರಡೂ ಕಡೆ ಸಮ. ಬಹುಶಃ ಇದನ್ನು ನೋಡಿಯೇ ನೀವು, ಸಮವಾದ ಮೇಲೆ ಆನೆಯೇ ಇರಲಿ, ನೋಡಲಿಕ್ಕಾದರೂ ಚೆಂದ ಎಂದುಕೊಂಡಿರಿ.

ಈಗ ಬಯಲಿಗೆ ಇಳಿಯಿರಿ. ಬಾಣ 12 ಇಂಚು ಹೋಗುತ್ತದೆ, ಆನೆ ಒಂದು ಸುತ್ತಿಗೆ 4 ಇಂಚು ನಡೆಯುತ್ತದೆ. ಆನೆ ಹತ್ತಿರ ಬರುವಷ್ಟರಲ್ಲಿ ನಿಮ್ಮ ಕಾಕಾನ ಮಗ ಮೂರು ಸುತ್ತು ಬಾಣ ಬಿಟ್ಟಿರುತ್ತಾನೆ. ಹನ್ನೆರಡು ದಾಳದಂತೆ ಮೂರು ಸಲವೆಂದರೆ 36 ದಾಳ. ಬಾಣ ತಾಗಲು 6 ಬೀಳಬೇಕು, ಆದ್ದರಿಂದ ಸರಾಸರಿ ಆರು ಪೆಟ್ಟು. ಅವನು ಬುದ್ಧಿವಂತನಾಗಿದ್ದರೆ ಒಂದೇ ಆನೆಯ ಮೇಲೆ ಬಿಟ್ಟು ಅದನ್ನು ಕೆಡವಿ, ಎರಡನೆಯದನ್ನು ಅರ್ಧ ಮಾಡಿರುತ್ತಾನೆ. ಕೈಕಾಳಗ ಶುರುವಾಗುವಾಗ ನಿಮ್ಮಲ್ಲಿ ಎರಡು ಆನೆ, ಆರು ಪೆಟ್ಟು ತಿನ್ನುವ ಶಕ್ತಿ ಉಳಿದಿರುತ್ತದೆ. ಅವನ ಹನ್ನೆರಡು ತುಕಡಿ ಸುತ್ತುವರಿದು ಹನ್ನೆರಡು ದಾಳ ಉರುಳಿಸಿದರೆ, 4 ಅಥವಾ ಅದಕ್ಕಿಂತ ಮೇಲೆ ಬಿದ್ದಾಗ ಪೆಟ್ಟು ತಾಗುವ ನಿಮ್ಮ ನಿಯಮದಂತೆ, ಸರಾಸರಿ ಆರು ಪೆಟ್ಟು ಬೀಳುತ್ತದೆ. ಸರಿಯಾಗಿ ಆರು! ಅದೇ ಸುತ್ತಿನಲ್ಲಿ ನಿಮ್ಮ ಆನೆಗಳು ಎಂಟು ದಾಳ ಹಾಕಿ ನಾಲ್ಕು ತುಕಡಿಗಳನ್ನು ತುಳಿದಿರುತ್ತವೆ. 60 ಅಂಕ ಕೊಟ್ಟು 20 ಅಂಕದ ಶತ್ರುವನ್ನು ಕೊಂದಂತಾಯಿತು. ದಾಳ ಕೈಕೊಟ್ಟಿತು ಎಂದು ನೀವು ಪತ್ರದ ಕೊನೆಯಲ್ಲಿ ಗೊಣಗಿದ್ದೀರಿ. ದಾಳ ತನ್ನ ಕೆಲಸವನ್ನು ನಿಯತ್ತಾಗಿ ಮಾಡಿದೆ.

ಅದೇ ಆನೆಯನ್ನು ಕೋಟೆಯ ಬಾಗಿಲಲ್ಲಿ ನಿಲ್ಲಿಸಿ ನೋಡಿ. ಒಂದು ತುಕಡಿಯ ಅಗಲದಷ್ಟೇ ಜಾಗ. ಎದುರಿಗೆ ಒಂದು ಸಲಕ್ಕೆ ಒಂದೇ ಬಿಲ್ಲಾಳು ತುಕಡಿ ನಿಲ್ಲಬಹುದು, ಹಿಂದಿನವರಿಗೆ ಗೋಡೆ ಅಡ್ಡ, ಕೈಕಾಳಗದಲ್ಲಿ ತೊಡಗಿದವರ ಮೇಲೆ ಬಾಣ ಬಿಡಬಾರದೆಂದು ನಿಮ್ಮ ನಿಯಮವೇ ಹೇಳುತ್ತದೆ. ಆನೆಯ ನಾಲ್ಕು ದಾಳಗಳಲ್ಲಿ ಒಂದಾದರೂ ತಾಗುವ ಸಂಭವ ಹದಿನಾರರಲ್ಲಿ ಹದಿನೈದು. ಎಂದರೆ ಸುತ್ತಿಗೊಂದು ತುಕಡಿ ಮಣ್ಣು ಮುಕ್ಕುತ್ತದೆ. ಎದುರಿನವರ ಒಂದೇ ದಾಳ ಎರಡು ಸುತ್ತಿಗೊಮ್ಮೆ ತಾಗುತ್ತದೆ. ಆನೆ ಬೀಳಲು ಸರಾಸರಿ ಎಂಟು ಸುತ್ತು ಬೇಕು. ಅಷ್ಟರಲ್ಲಿ ಏಳು ತುಕಡಿ ಮುಗಿದಿರುತ್ತವೆ. 20 ಅಂಕದ ಒಂದೇ ಆನೆ 35 ಅಂಕವನ್ನು ತಿಂದುಹಾಕಿತು.

ಆನೆ ಅದೇ, ಅದರ ಬೆಲೆಯೂ ಅದೇ. ಬದಲಾದದ್ದು ನಿಂತ ಜಾಗ ಮಾತ್ರ. ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ಮೊದಲ ಮಹಾಯುದ್ಧದ ಹೊತ್ತಿಗೆ, 1916ರಲ್ಲಿ, ಇದನ್ನೇ ಸೂತ್ರವಾಗಿ ಬರೆದ. ದೂರದಿಂದ ಎಲ್ಲರೂ ಎಲ್ಲರ ಮೇಲೆ ಹೊಡೆಯಬಹುದಾದ ಬಯಲಿನಲ್ಲಿ ಸೈನ್ಯದ ಬಲ ಸಂಖ್ಯೆಯ ವರ್ಗದಂತೆ ಏರುತ್ತದೆ, ಒಬ್ಬರೆದುರು ಒಬ್ಬರೇ ನಿಲ್ಲಬಹುದಾದ ಇಕ್ಕಟ್ಟಿನಲ್ಲಿ ಸಂಖ್ಯೆಯಷ್ಟೇ ಏರುತ್ತದೆ. ಬಯಲಿನಲ್ಲಿ ತಲೆ ಎಣಿಸಿ, ಬಾಗಿಲಲ್ಲಿ ತೋಳು ನೋಡಿ ಎಂದು ನಾನು ನನ್ನ ಹುಡುಗರಿಗೆ ಹೇಳುತ್ತಿರುತ್ತೇನೆ. ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ತುಸು ತಿರುಗಿಸಬೇಕಾಗುತ್ತದೆ. ಯಾವ ತುಕಡಿ ಬಲವಾದದ್ದು ಎಂದು ನಿಯಮ ಪುಸ್ತಕವನ್ನು ಕೇಳುವ ಮೊದಲು, ಈ ತುಕಡಿ ಎಲ್ಲಿ ನಿಂತು ಏನು ಮಾಡಬೇಕು ಎಂದು ಮೇಜನ್ನು ಕೇಳಿ.

ನಮ್ಮ ನೆಲದಲ್ಲೇ ಇದಕ್ಕೆ ಒಳ್ಳೆಯ ಪಾಠವಿದೆ. 1705ರಲ್ಲಿ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಸುರಪುರ ಸೀಮೆಯ ವಾಗಣಗೇರಾ ಕೋಟೆಯ ಮೇಲೆ ಬಂದ. ಆಗ ಅವನಿಗೆ 86 ವರ್ಷ, ಅವನ ಕೊನೆಯ ಮುತ್ತಿಗೆ ಅದು. ದಖ್ಖನ್ನಿನ ದೊಡ್ಡ ರಾಜ್ಯಗಳನ್ನು ಮುಗಿಸಿದ ಮೊಗಲ್ ಸೈನ್ಯ ಒಂದು ಕಡೆ, ಗುಡ್ಡದ ಮೇಲೆ ಬೇಡ ನಾಯಕರ ಕೋವಿಯ ಕಾಲಾಳುಗಳು ಇನ್ನೊಂದು ಕಡೆ. ಅಂಕದ ಲೆಕ್ಕ ಹಾಕಿದ್ದರೆ ಆ ಆಟವನ್ನು ಯಾರೂ ಶುರು ಮಾಡುತ್ತಲೇ ಇರಲಿಲ್ಲ. ಆದರೆ ಮುತ್ತಿಗೆ ತಿಂಗಳುಗಟ್ಟಲೆ ಎಳೆಯಿತು. ಬಂಡೆಯ ಮರೆ, ಕಿರಿದಾದ ಏರುದಾರಿ, ಗುರಿ ತಪ್ಪದ ಕೋವಿ, ಇವಿಷ್ಟೇ ಅವರ ಬಂಡವಾಳ. ಕೊನೆಗೆ ಕೋಟೆ ಕೈಬಿಡುವ ಹೊತ್ತು ಬಂದಾಗ ನಾಯಕರು ಜಾರಿಕೊಂಡರು. ಬಾದಶಹನಿಗೆ ಕೋಟೆ ಸಿಕ್ಕಿತು, ಬೇಡರು ಸಿಗಲಿಲ್ಲ. ಎರಡು ವರ್ಷಕ್ಕೆ ಅವನೇ ತೀರಿಹೋದ.

ಈ ಪ್ರಸಂಗವನ್ನು ನಾನು ಮೇಜಿನ ಮೇಲೆ ಹಲವು ಸಲ ಆಡಿಸಿದ್ದೇನೆ. ಕೋಟೆ ಹಿಡಿದವನು ಗೆದ್ದ ಎಂದು ನಿಯಮವಿಟ್ಟರೆ ಪ್ರತಿ ಸಲವೂ ಮೊಗಲರೇ ಗೆಲ್ಲುತ್ತಾರೆ, ಆಟ ಸಪ್ಪೆ. ಹತ್ತು ಸುತ್ತು ತಡೆದು, ಅರ್ಧ ತುಕಡಿಗಳನ್ನು ಮೇಜಿನ ಹಿಂದಿನ ಅಂಚಿನಿಂದ ಪಾರು ಮಾಡಿದರೆ ಬೇಡರಿಗೆ ಗೆಲುವು ಎಂದಿಟ್ಟರೆ ಇಬ್ಬರ ಪಟ್ಟಿಯೂ ತಲೆಕೆಳಗಾಗುತ್ತದೆ. ಮೊಗಲ್ ಕಡೆಯವನು ಒಮ್ಮೆಲೇ ತೋಪುಗಳನ್ನು ಕಡಿಮೆ ಮಾಡಿ, ಹಿಂದಿನ ದಾರಿ ಕಾಯಲು ಹಗುರ ಕುದುರೆಗಳನ್ನು ಹುಡುಕತೊಡಗುತ್ತಾನೆ. ಗೆಲುವೆಂದರೆ ಏನು ಎಂಬುದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಪತ್ರದಲ್ಲಿ ನಿಮ್ಮ ಆಟದ ಗುರಿ ಏನೆಂಬುದೇ ಇಲ್ಲ. ಹಾಳೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದೆ: ಬಾವಿ, ದಿಬ್ಬ, ಬಾಗಿಲು, ಈ ಮೂರರಲ್ಲಿ ಎರಡನ್ನು ಎಂಟನೆಯ ಸುತ್ತಿನ ಕೊನೆಗೆ ಹಿಡಿದಿರುವವನು ಗೆದ್ದ. ನಿಮ್ಮ ಸೈನ್ಯದಲ್ಲಿರುವುದು ಆರು ತುಕಡಿ, 96 ಅಂಕ. ಅವನು ಹನ್ನೆರಡು ಬಿಲ್ಲಾಳು, ಮೂರು ಹಗುರ ರಾವುತ, ಎರಡು ಕೋವಿಯ ಬೇಡರೆಂದು ಅದೇ 96 ಅಂಕಕ್ಕೆ ಹದಿನೇಳು ತುಕಡಿ ತರುತ್ತಾನೆ. ಮೂರು ಜಾಗ ಹಿಡಿಯಬೇಕಾದ ಆಟಕ್ಕೆ ನೀವು ಆರು ಜನ ಹೋಗುತ್ತಿದ್ದೀರಿ. ಅದರಲ್ಲೂ ಒಬ್ಬರ ನಂತರ ಒಬ್ಬರು ಒಂದೊಂದು ತುಕಡಿ ನಡೆಸುವ ನಿಯಮ ನಿಮ್ಮದು. ಸುತ್ತಿನ ನಡುವಿಗೇ ನಿಮ್ಮ ಆರೂ ನಡೆ ಮುಗಿದು, ಅವನು ಉಳಿದ ಹನ್ನೊಂದನ್ನು ನಿಮ್ಮನ್ನು ನೋಡಿಕೊಂಡು ನಿಧಾನವಾಗಿ ನಡೆಸುತ್ತಾನೆ. ಕೊನೆಯ ಮಾತು ಯಾವಾಗಲೂ ಅವನದೇ.

ಪಟ್ಟಿ ಬರೆಯುವಾಗ ನನ್ನದೊಂದು ರೂಢಿಯಿದೆ. ತುಕಡಿಯ ಹೆಸರಿನ ಮುಂದೆ ಒಂದು ಕ್ರಿಯಾಪದ ಬರೆಯುತ್ತೇನೆ. ತಡೆಯುತ್ತದೆ, ಒಡೆಯುತ್ತದೆ, ಹಿಡಿದು ಕೂರುತ್ತದೆ, ಕಾಡುತ್ತದೆ. ಈ ನಾಲ್ಕೇ ಸಾಕು. ನಿಮ್ಮ ಪಟ್ಟಿಗೆ ಹಾಗೆ ಬರೆದರೆ ಒಡೆಯುತ್ತದೆ, ಒಡೆಯುತ್ತದೆ, ಒಡೆಯುತ್ತದೆ ಎಂದು ಆರು ಸಲ ಬರುತ್ತದೆ. ಬಾವಿಯ ಹತ್ತಿರ ಹೋಗಿ ಕೂರುವವರು ಯಾರು? ಇಪ್ಪತ್ತು ಅಂಕದ ಆನೆಯನ್ನು ಬಾವಿ ಕಾಯಲು ಕೂರಿಸುವುದೆಂದರೆ ತಹಶೀಲ್ದಾರರನ್ನು ಕಚೇರಿ ಗೇಟಿಗೆ ನಿಲ್ಲಿಸಿದ ಹಾಗೆ. ಐದು ಅಂಕದ ಬಿಲ್ಲಾಳು ಅದನ್ನು ಇನ್ನೂ ಚೆನ್ನಾಗಿ ಮಾಡುತ್ತಾನೆ, ಏಕೆಂದರೆ ಅವನಿಗೆ ಬೇರೆ ಕೆಲಸವಿಲ್ಲ.

ನಾನಾಗಿದ್ದರೆ ನಿಮ್ಮ ಬೆಲೆಪಟ್ಟಿಯಿಂದ ಹೀಗೆ ಕೊಳ್ಳುತ್ತಿದ್ದೆ: ಬಾಗಿಲಿಗೆ ಒಂದು ಆನೆ, 20. ದಿಬ್ಬದ ಮೇಲೆ ಬಂಡೆಯ ಮರೆಗೆ ನಾಲ್ಕು ತುಕಡಿ ಕೋವಿಯ ಬೇಡರು, 24. ಬಾವಿಗೂ ಬೇಡರ ಬೆನ್ನಿಗೂ ಹಂಚಲು ಐದು ಬಿಲ್ಲಾಳು, 25. ಅವನ ಬಿಲ್ಲಿನವರನ್ನು ಪಕ್ಕದಿಂದ ಕಾಡಲು ಎರಡು ಹಗುರ ರಾವುತರ ತುಕಡಿ, 16. ಇನ್ನೊಂದು ಕವಚದ ರಾವುತರ ತುಕಡಿ, 12. ಇದನ್ನು ಆರನೆಯ ಸುತ್ತಿನವರೆಗೆ ಹಿಂದೆಯೇ ಇಟ್ಟುಕೊಂಡಿರಬೇಕು. ಒಟ್ಟು 97, ಹದಿಮೂರು ತುಕಡಿ. ಉಳಿದ ಮೂರು ಅಂಕ ಹೋದರೆ ಹೋಗಲಿ. ಅದನ್ನು ಉಳಿಸಲು ಹೋಗಿ ಇಡೀ ಪಟ್ಟಿಯನ್ನು ಕಲಕುವವರನ್ನು ನೋಡಿದ್ದೇನೆ, ಮದುವೆಯೂಟದಲ್ಲಿ ಹಪ್ಪಳಕ್ಕೆ ಜಗಳ ತೆಗೆದಂತೆ. ಕವಚದ ರಾವುತರನ್ನು ಕೊನೆಗೆ ಬಿಡುವುದು ಕಷ್ಟದ ಕೆಲಸ, ಕೈ ತುರಿಸುತ್ತದೆ. ತಡೆದುಕೊಳ್ಳಿ. ಅವನ ಸಾಲು ಎರಡು ಕಡೆ ಹರಿದು ಹಂಚಿಹೋದ ಮೇಲೆ ಒಂದೇ ಒಂದು ತುಕಡಿ ಕುದುರೆಗೆ ಮೊದಲ ಸುತ್ತಿನ ಮೂರು ತುಕಡಿಯ ಬೆಲೆ ಬರುತ್ತದೆ.

ಈ ಪಟ್ಟಿಯನ್ನು ಮಂತ್ರವೆಂದು ಹಿಡಿಯಬೇಡಿ. ಮುಂದಿನ ಸಲ ಬೀದರ ಕೋಟೆಯನ್ನೇ ಮೇಜಿನ ಮೇಲೆ ಕಟ್ಟಿ, ಬಂಡೆ ಕೊರೆದ ಮೂರು ಸಾಲಿನ ಕಂದಕವನ್ನೂ ಇಟ್ಟು, ದಾಳಿ ಮಾಡುವ ಪಾಳಿ ನಿಮ್ಮದಾದರೆ ನಾನೇ ಎರಡನೆಯ ಆನೆ ಕೊಳ್ಳಿ ಎನ್ನುತ್ತೇನೆ.

ಗೊಂಬೆ ಕೊಳ್ಳುವ ವಿಷಯ. ಹೊಸ ಪಟ್ಟಿಯೆಂದ ಕೂಡಲೇ ಮೊಬೈಲ್ ತೆಗೆದು ಗೊಂಬೆ ತರಿಸಬೇಡಿ. ರಟ್ಟಿನ ತುಂಡು ಕತ್ತರಿಸಿ ಅದರ ಮೇಲೆ ಬೇಡರು, ಬಿಲ್ಲು ಎಂದು ಬರೆದು ಮೂರು ಆಟ ಆಡಿ. ಮೂರರಲ್ಲೂ ಕೆಲಸ ಮಾಡಿದ ತುಕಡಿಗೆ ಮಾತ್ರ ದುಡ್ಡು ಹಾಕಿ. ನಾನು ಮೊದಲು ಆಡುತ್ತಿದ್ದದ್ದು ನಮ್ಮ ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ. ಕಲ್ಲಿನ ಚೌಕಗಳೇ ಅಳತೆ, ಸಂದುಗಳೇ ಗಡಿ, ಬಿದ್ದ ಪೆಟ್ಟನ್ನು ಎಣಿಸಲು ತೊಗರಿ ಕಾಳು. ಆಟ ಮುಗಿದ ಮೇಲೆ ಕಾಳನ್ನು ಆರಿಸಿ ಡಬ್ಬಿಗೆ ಹಾಕದಿದ್ದರೆ ಮನೆಯಲ್ಲಿ ಬೇರೆಯದೇ ಯುದ್ಧ. ಈಗ ಮೊಣಕಾಲು ಕೇಳುವುದಿಲ್ಲ, ಹಳೆಯ ಬಾಗಿಲ ಹಲಗೆಯೊಂದನ್ನು ಎರಡು ಸ್ಟೂಲುಗಳ ಮೇಲೆ ಹಾಕಿಕೊಂಡಿದ್ದೇನೆ.

ಬಣ್ಣ ಹಚ್ಚುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ನಮ್ಮ ಕಡೆಯ ಬಿಸಿಲಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಆಗದು. ಒಂದು ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಮೇಲೆ ನಿಂತು ನನ್ನ ಆನೆಗಳಿಗೆ ಸ್ಪ್ರೇ ಡಬ್ಬಿಯಿಂದ ಮೊದಲ ಲೇಪ ಹೊಡೆದೆ. ಹೊರಗೆ 42 ಡಿಗ್ರಿ. ಬಣ್ಣ ಆನೆಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಕೂತಿತು. ಕೆಳಗೆ ತಂದು ನೋಡಿದರೆ ನಾಲ್ಕೂ ಆನೆಗಳು ಜೋಳದ ಹಿಟ್ಟಿನಲ್ಲಿ ಹೊರಳಾಡಿ ಬಂದಂತಿದ್ದವು. ಹಲ್ಲುಜ್ಜುವ ಬ್ರಶ್ಶಿನಿಂದ ಎರಡು ದಿನ ಉಜ್ಜಿದೆ. ಬೆಳಿಗ್ಗೆ ಏಳರೊಳಗೆ ಹೊಡೆಯಿರಿ, ಇಲ್ಲವೇ ಕೈಯಿಂದಲೇ ಹಚ್ಚಿ. ಅಕ್ರಿಲಿಕ್ ಬಣ್ಣ ಕುಂಚದ ತುದಿಯಲ್ಲೇ ಒಣಗುತ್ತಿದ್ದರೆ ಸ್ಟೀಲ್ ಟಿಫಿನ್ ಡಬ್ಬಿಯೊಂದರಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬೆಣ್ಣೆ ಕಾಗದವಿಟ್ಟು, ಬಣ್ಣವನ್ನು ಅದರ ಮೇಲೆ ಕಲಸಿಕೊಳ್ಳಿ. ಮುಚ್ಚಳ ಹಾಕಿದರೆ ಮರುದಿನಕ್ಕೂ ಹಸಿಯಾಗಿರುತ್ತದೆ. ಇನ್ನು ಎಷ್ಟು ಚಂದ ಹಚ್ಚಬೇಕು? ಬಿದರಿ ಹೂಜಿಯನ್ನು ನೋಡಿ. ಸತುವಿನ ಮೈ ಪೂರ್ತಿ ಕಪ್ಪು, ಬೆಳ್ಳಿ ಇರುವುದು ಗೆರೆಯಷ್ಟು, ಆದರೆ ಕೋಣೆಯ ಆಚೆ ತುದಿಯಿಂದಲೂ ಕಣ್ಣಿಗೆ ಹೊಡೆಯುತ್ತದೆ. ಗೊಂಬೆಯನ್ನು ನೋಡುವುದು ಮೂರು ಅಡಿ ದೂರದಿಂದ. ಮೈಯನ್ನು ಗಾಢವಾಗಿ ಬಿಟ್ಟು ಪೇಟ, ಈಟಿಯ ಮೊನೆ, ನಿಶಾನೆ ಮೂರನ್ನು ಬೆಳಗಿಸಿದರೆ ಸಾಕು. ಹುಬ್ಬು ಬರೆಯಲು ಹೋಗಿ ಸೆಮಿಸ್ಟರ್ ಕಳೆದುಕೊಳ್ಳಬೇಡಿ.

ಈಗ ನಿಮ್ಮ ಯೋಧನಿಗೆ ಬರೋಣ. ರೋಗ ಒಂದೇ, ಮದ್ದು ಸ್ವಲ್ಪ ಬೇರೆ.

1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬಿಬ್ಬರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಹೊರತಂದಾಗ ಪಾತ್ರದ ಒಂದೊಂದು ಗುಣಕ್ಕೂ ಮೂರು ದಾಳ ಉರುಳಿಸಿ ಬಂದದ್ದನ್ನು ಬಂದ ಹಾಗೆಯೇ ಬರೆದುಕೊಳ್ಳಬೇಕಿತ್ತು. ಮೂರು ದಾಳ ಬೀಳುವ ಬಗೆ 216. ಅದರಲ್ಲಿ 18 ಬರುವುದು ಒಂದೇ ಬಗೆಯಲ್ಲಿ, 10 ಬರುವುದು 27 ಬಗೆಗಳಲ್ಲಿ. ಹಾಗಾಗಿ ಹೆಚ್ಚಿನವರು ಸಾಧಾರಣ ಮನುಷ್ಯರಾಗಿಯೇ ಹುಟ್ಟುತ್ತಿದ್ದರು, ಹಣೆಬರಹವನ್ನು ದಾಳವೇ ಬರೆಯುತ್ತಿತ್ತು. ಈಗ ನೀವು ಆಡುವ ಪದ್ಧತಿಯಲ್ಲಿ 27 ಅಂಕ ಕೊಟ್ಟು ಬರೆದುಕೊಳ್ಳಿ ಎನ್ನುತ್ತಾರೆ, ಬರೆದುಕೊಂಡದ್ದಕ್ಕೆ ಹೊಣೆಯೂ ನಿಮ್ಮದೇ. ನೀವು ಬಲ, ಚುರುಕು, ದೇಹದಾರ್ಢ್ಯ ಮೂರಕ್ಕೂ 15 ಕೊಂಡು ಬುದ್ಧಿ, ವಿವೇಕ, ವರ್ಚಸ್ಸು ಮೂರನ್ನೂ 8ಕ್ಕೆ ಬಿಟ್ಟಿದ್ದೀರಿ. ಒಂದೊಂದು 15ಕ್ಕೆ 9 ಅಂಕದಂತೆ ಸರಿಯಾಗಿ 27. ಆದರೆ ದಾಳಕ್ಕೆ ಸೇರುವ ಕೂಡಿಕೆ 15ಕ್ಕೂ ಎರಡೇ, 14ಕ್ಕೂ ಎರಡೇ. 14ರ ಬೆಲೆ 7 ಮಾತ್ರ. ಮೂರು 14 ಕೊಂಡರೆ ಆರು ಅಂಕ ಉಳಿಯುತ್ತದೆ, ಆ ಆರು ಅಂಕದಲ್ಲಿ ಉಳಿದ ಮೂರನ್ನೂ 8ರಿಂದ 10ಕ್ಕೆ ಏರಿಸಬಹುದು, 8 ಇದ್ದ ಮೂರು ಕಡೆ ದಾಳದಿಂದ ಕಳೆಯುತ್ತಿದ್ದ ಒಂದೊಂದು ನಿಂತುಹೋಗುತ್ತದೆ. ಬೆಸಸಂಖ್ಯೆಗೆ ದುಡ್ಡು ಕೊಡುವುದಾದರೆ ಮುಂದೆ ಪಾತ್ರದ ಹಿನ್ನೆಲೆಯಿಂದ ಅಲ್ಲಿಗೆ ಒಂದು ಅಂಕ ಸೇರುತ್ತದೆ ಎಂದು ಖಾತ್ರಿಯಿರಬೇಕು. ಸೇರಿದರೆ 15 ಹೋಗಿ 16 ಆಗುತ್ತದೆ, ಕೂಡಿಕೆ ಮೂರಕ್ಕೇರುತ್ತದೆ. ಇಲ್ಲದಿದ್ದರೆ ಆ ಎರಡು ಅಂಕ ನೀರಿಗೆ ಹಾಕಿದಂತೆ.

ನಾನು ನಿಮ್ಮ ಯೋಧನನ್ನು ಬಲ 15, ದಾರ್ಢ್ಯ 14, ವಿವೇಕ 12, ವರ್ಚಸ್ಸು 12, ಚುರುಕು 10, ಬುದ್ಧಿ 9 ಎಂದು ಬರೆಯುತ್ತಿದ್ದೆ. 9, 7, 4, 4, 2, 1 ಕೂಡಿದರೆ 27. ಬಲಕ್ಕೆ ಹಿನ್ನೆಲೆಯಿಂದ ಒಂದು ಸೇರಿಸಿಕೊಂಡರೆ ಕಾಳಗದಲ್ಲಿ ಯಾರಿಗೂ ಕಡಿಮೆಯಿಲ್ಲ.

ಆದರೆ ಮೇಷ್ಟರಾಗಿ ಇದನ್ನೂ ಹೇಳಬೇಕು: ಇಪ್ಪತ್ತು ಮುಖದ ದಾಳದಲ್ಲಿ ಕೂಡಿಕೆಯ ಒಂದು ಅಂಕವೆಂದರೆ ನೂರಕ್ಕೆ ಐದು. ವರ್ಚಸ್ಸು 8ರಿಂದ 12ಕ್ಕೆ ಏರಿದರೆ ನೂರರಲ್ಲಿ ಹತ್ತು ಸಲ ಹೆಚ್ಚು ಗೆಲ್ಲುತ್ತೀರಿ, ಅಷ್ಟೇ. ಅಷ್ಟಕ್ಕೆ ಯಾರೂ ಮೊಬೈಲ್ ಕೆಳಗಿಡುವುದಿಲ್ಲ. ನೀವು ಸುಮ್ಮನೆ ಕೂರುವುದಕ್ಕೆ ಕಾರಣ ನಿಮ್ಮ ಹಾಳೆಯ ಮೇಲಿನ ಅಂಕಿಗಳಲ್ಲ. ಪತ್ರದಲ್ಲಿ ನಿಮ್ಮ ಪಾತ್ರದ ಪರಿಚಯವಾಗಿ ನೀವು ಬರೆದದ್ದು ಒಂದೇ ಸಾಲು: ‘ಅನಾಥ, ಊರು ಸುಟ್ಟುಹೋಗಿದೆ, ಯಾರನ್ನೂ ನಂಬುವುದಿಲ್ಲ.’ ನನ್ನ ಮೇಜಿಗೆ ಬರುವ ಹುಡುಗರಲ್ಲಿ ಅರ್ಧದಷ್ಟು ಜನ ಇದೇ ಅನಾಥನನ್ನು ಕರೆತರುತ್ತಾರೆ. ಅಪ್ಪ ಅವ್ವ ಇಲ್ಲ, ಊರಿಲ್ಲ, ಸಾಲವಿಲ್ಲ, ಸ್ನೇಹವಿಲ್ಲ. ಪಾಪ, ಆಟ ನಡೆಸುವವನು ಅವನನ್ನು ಎಲ್ಲಿ ಹಿಡಿದು ಎಳೆಯಬೇಕು? ಸೈನ್ಯಕ್ಕೆ ಮೇಜು ಇದ್ದಂತೆ ಪಾತ್ರಕ್ಕೆ ಮೇಜಿನ ಸುತ್ತ ಕುಳಿತವರು. ನಿಮ್ಮ ಯೋಧ ನಿಂತಿರುವ ಜಾಗದ ಸುತ್ತ ಯಾರೂ ಇಲ್ಲ.

ಒಂದು ಉದಾಹರಣೆ. ಬೀದರಿನ ನೌಬಾದ್ ಕಡೆ ನೀವು ಸುರಂಗ ಬಾವಿ ನೋಡಿರಬೇಕು. ಬಹಮನಿ ಕಾಲದ ಕರೇಜ್. ನೆಲದಡಿಯ ಸೆಲೆಯನ್ನು ಸುರಂಗದಲ್ಲಿ ಊರಿನ ಕಡೆಗೆ ಹರಿಸಿ, ಗಾಳಿಗೂ ಬೆಳಕಿಗೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳನ್ನು ತೋಡಿದ್ದಾರೆ. ಈ ಆಟದವರು ಊರೆಲ್ಲ ಹುಡುಕುವ ನೆಲಮಾಳಿಗೆ ನಮ್ಮ ಬಾಗಿಲಲ್ಲೇ ಇದೆ. ಅದನ್ನೇ ಇಟ್ಟುಕೊಂಡು ನಾನು ಒಂದು ಆಟ ನಡೆಸಿದೆ. ನಾಲ್ವರಲ್ಲಿ ಮೂವರು ಕತ್ತಿಯ ವೀರರನ್ನು ತಂದಿದ್ದರು. ನಾಲ್ಕನೆಯವಳು, ಎಂ.ಎಸ್ಸಿ. ಓದುತ್ತಿದ್ದ ಹುಡುಗಿ, ಕರೇಜ್ ತೋಡುವವನ ಮಗಳನ್ನು ತಂದಳು. ಬಲ 9. ಅವಳು ಬರೆದುಕೊಂಡದ್ದು ಮೂರು ಸಾಲು: ಅಪ್ಪ ಮೂರನೆಯ ಕಿಂಡಿಯ ಹತ್ತಿರ ಕುಸಿದ ಮಣ್ಣಿನಡಿ ಉಳಿದುಹೋದ, ಅಂದಿನಿಂದ ಅಲ್ಲಿಗೆ ಹೋಗಿಲ್ಲ. ಪಕ್ಕದಲ್ಲಿ ಕುಳಿತ ರಾವುತನ ಅಣ್ಣನಿಗೆ ನಮ್ಮ ಮನೆಯ ಎರಡು ಹೊನ್ನು ಸಾಲವಿದೆ. ದೀಪದ ಜ್ವಾಲೆ ವಾಲುವುದನ್ನು ನೋಡಿ ಮುಂದಿನ ಕಿಂಡಿ ಎಷ್ಟು ದೂರವೆಂದು ಹೇಳಬಲ್ಲೆ.

ಸುರಂಗಕ್ಕೆ ಇಳಿದು ಹತ್ತು ನಿಮಿಷವಾಗಿರಲಿಲ್ಲ, ಮೂವರು ವೀರರೂ ಅವಳ ಮುಖ ನೋಡತೊಡಗಿದರು. ಗಾಳಿ ಎಲ್ಲಿಂದ? ನೀರು ಏರುತ್ತಿದೆಯೇ? ರಾವುತನಂತೂ, ಸಾಲದ ಮಾತು ಬಂದಾಗ, ತನಗೆ ಅಣ್ಣನೇ ಇಲ್ಲವೆಂದು ವಾದಿಸಿದ. ಅದೇ ಆ ದಿನದ ಅತ್ಯುತ್ತಮ ಹದಿನೈದು ನಿಮಿಷ. ಮೂರನೆಯ ಕಿಂಡಿಯ ಬಳಿ ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಅವಳು ದೀಪ ಕೆಳಗಿಟ್ಟು, ನೀವು ಮುಂದೆ ಹೋಗಿ, ನಾನು ಇಲ್ಲಿರುತ್ತೇನೆ ಎಂದಳು. ಮೇಜಿನ ಸುತ್ತ ಯಾರೂ ದಾಳ ಮುಟ್ಟಲಿಲ್ಲ. ಕತ್ತಿ ಹಿರಿದ ಸದ್ದೇ ಇಲ್ಲದ ಆ ಆಟವನ್ನು ಹುಡುಗರು ಇವತ್ತಿಗೂ ನೆನೆಯುತ್ತಾರೆ.

ನಿಮ್ಮ ಯೋಧನನ್ನು ಬದಲಾಯಿಸಬೇಕಾಗಿಲ್ಲ. ಅವನ ಊರು ಸುಟ್ಟದ್ದು ನಿಜವಾದರೂ ಅಲ್ಲಿಂದ ಇನ್ನೊಬ್ಬ ತಪ್ಪಿಸಿಕೊಂಡಿರಲಿ, ಅವನು ನಿಮ್ಮ ಹಾಸ್ಟೆಲಿನ ಗೆಳೆಯರಲ್ಲಿ ಒಬ್ಬರ ಪಾತ್ರವಾಗಿರಲಿ. ಮುಂದಿನ ಆಟಕ್ಕೆ ಮೊದಲು ಚಹಾ ಕುಡಿಯುತ್ತ ಆ ಗೆಳೆಯರನ್ನೇ ಕೇಳಿ: ನಮ್ಮಿಬ್ಬರಿಗೂ ಮೊದಲೇ ಪರಿಚಯವಿದೆಯೆಂದರೆ ಒಪ್ಪುತ್ತೀಯಾ? ಅವನಿಗೆ ಕತ್ತಿಯಲ್ಲದೆ ಇನ್ನೊಂದು ವಿಷಯ ಚೆನ್ನಾಗಿ ಗೊತ್ತಿರಲಿ, ಕುದುರೆಯ ಹಲ್ಲು ನೋಡಿ ವಯಸ್ಸು ಹೇಳುವುದೋ, ಬಾಡಿಗೆ ಎತ್ತುಗಳ ಲೆಕ್ಕವೋ, ಏನಾದರೂ. ಮತ್ತು ಏನೇ ಆದರೂ ಅವನು ಮಾಡದ ಒಂದು ಕೆಲಸವಿರಲಿ. ಆಟ ನಡೆಸುವವರಿಗೆ ಇದನ್ನು ಕಾಗದದಲ್ಲಿ ಬರೆದು ಕೊಡಿ, ಮೂರೇ ಸಾಲು. ಹತ್ತು ಪುಟದ ಚರಿತ್ರೆ ಬರೆದು ಕೊಟ್ಟರೆ ಯಾರೂ ಓದುವುದಿಲ್ಲ. ನಾನೂ ಓದುವುದಿಲ್ಲ, ಓದಿದೆನೆಂದು ಹೇಳುತ್ತೇನೆ.

ಕೊನೆಗೆ ಈಟಿಗಳು. ಪ್ಲಾಸ್ಟಿಕ್ ಈಟಿಯನ್ನು ಬುಡಕ್ಕೆ ಕತ್ತರಿಸಿ, ಕೈಯಲ್ಲಿ ಸಣ್ಣ ತೂತು ಕೊರೆದು, ಗುಡಿಸುವ ನೈಲಾನ್ ಬ್ರಶ್ಶಿನ ದಪ್ಪ ಎಳೆಯೊಂದನ್ನು ಅಂಟಿಸಿ. ಬಗ್ಗುತ್ತದೆ, ಮುರಿಯುವುದಿಲ್ಲ. ಗುಂಡುಸೂಜಿಯೂ ಆದೀತು, ಆದರೆ ಬೆರಳಿಗೆ ಚುಚ್ಚುತ್ತದೆ. ಗೊಂಬೆಯ ಪಾದದಡಿಗೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಷರ್ ಅಂಟಿಸಿ, ಡಬ್ಬಿಯ ತಳಕ್ಕೆ ಅಯಸ್ಕಾಂತದ ಹಾಳೆ ಹಾಸಿದರೆ ಬಸ್ ಎಷ್ಟು ಕುಣಿದರೂ ಸೈನ್ಯ ಸಾಲು ಬಿಡುವುದಿಲ್ಲ. ಡಬ್ಬಿಯನ್ನು ಮೇಲಿನ ಕ್ಯಾರಿಯರ್‌ನಲ್ಲಿ ಇಡದೆ ತೊಡೆಯ ಮೇಲಿಟ್ಟುಕೊಳ್ಳಿ. ಕಮಲಾಪುರದಲ್ಲಿ ಬಸ್ ನಿಂತಾಗ ಕೆಂಪು ಬಾಳೆಹಣ್ಣು ಕೊಂಡರೆ ಅದನ್ನು ಬೇರೆ ಚೀಲಕ್ಕೆ ಹಾಕಿ. ನನ್ನ ಒಂದು ತುಕಡಿ ಬಿಲ್ಲಾಳುಗಳ ಪೇಟದಲ್ಲಿ ಅದರ ಅಂಟು ಇನ್ನೂ ಹೋಗಿಲ್ಲ.